ಕಾಣಿಕೆಗೆ ಮೊದಲು ಋಣ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ‘ಹಣದ ಪ್ರಲೋಭನೆ ಮತ್ತು ಕ್ರೈಸ್ತ ವಿಶ್ವಾಸ’ ಎಂಬ ವಿಷಯವಾಗಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾಡಿದ ಭಾಷಣ. ಇಲ್ಲಿ ಪ್ರಸ್ತಾಪಿಸಲಾದ ಕುಟುಂಬಗಳ ಗೌರವದ ದೃಷ್ಟಿಯಿಂದ, ಭಾಷಣಕಾರರ ಇಚ್ಛೆಯಂತೆ ಅವರ ಹೆಸರನ್ನು ಅಚ್ಚುಮಾಡಿಲ್ಲ.)



ಒಂದು ದೇವಾಲಯಕ್ಕೆ ನೂರು ವರ್ಷ ತುಂಬುವುದೆಂದರೆ ಅದು ಕೇವಲ ಕಲ್ಲು ಗಾರೆಗಳ ವಯಸ್ಸಲ್ಲ. ನಾಲ್ಕು ತಲೆಮಾರುಗಳ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಇಲ್ಲಿಯ ಪುಸ್ತಕಗಳಲ್ಲಿದೆ. ಈ ಅವಧಿಯಲ್ಲಿ ನಮ್ಮ ಸೀಮೆಯ ಗಡಿಗಳು ಎಷ್ಟೋ ಬಾರಿ ಬದಲಾದವು. ಧರ್ಮಸಭೆಯ ಆಡಳಿತದಲ್ಲಿ 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರವೂ 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರವೂ ಸ್ಥಾಪಿತವಾದವು. ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು. ಮುಂದೆ ನ್ಯಾಮತಿಯೇ ಒಂದು ತಾಲ್ಲೂಕಾಯಿತು. ಗಡಿಗಳು ಬದಲಾದವು, ಕಚೇರಿಗಳು ಬದಲಾದವು. ಆದರೆ ಈ ಪೀಠದ ಮುಂದೆ ನಮ್ಮ ತಾತಂದಿರು ಬಾಯಿಪಾಠ ಮಾಡಿದ ಏಳನೆಯ ಆಜ್ಞೆ ಬದಲಾಗಲಿಲ್ಲ. ಪರರ ಸೊತ್ತನ್ನು ಕದಿಯಬಾರದೆಂಬ ಆ ಆಜ್ಞೆಯ ಕುರಿತು ನಾಲ್ಕು ಮಾತು ಹೇಳಬೇಕೆಂದು ಗುರುಗಳು ನನಗೆ ಅಪ್ಪಣೆ ಮಾಡಿದ್ದಾರೆ.

ನಾನು ದೈವಶಾಸ್ತ್ರ ಓದಿದವನಲ್ಲ. 1975ರಿಂದ 2012ರ ವರೆಗೆ ಮೂವತ್ತೇಳು ವರ್ಷ ಇತರರ ಹಣವನ್ನು ಎಣಿಸಿದವನು. ಆದುದರಿಂದ ಶಾಸ್ತ್ರದ ಮಾತಿಗಿಂತ ಲೆಕ್ಕದ ಮಾತೇ ನನ್ನಿಂದ ಹೆಚ್ಚಾಗಿ ಬಂದೀತು. ತಾವು ಕ್ಷಮಿಸಬೇಕು.

ಹಣದ ಪ್ರಲೋಭನೆ ಎಂದೊಡನೆ ನಮ್ಮ ಕಣ್ಣಮುಂದೆ ದೊಡ್ಡ ದೊಡ್ಡ ಅಪರಾಧಗಳು ಬಂದು ನಿಲ್ಲುತ್ತವೆ. 2024ರ ಅಕ್ಟೋಬರಿನಲ್ಲಿ ನಮ್ಮ ನ್ಯಾಮತಿಯಲ್ಲೇ ಒಂದು ಬ್ಯಾಂಕಿನ ಶಾಖೆಗೆ ರಾತ್ರಿ ಹೊಕ್ಕು, ಗ್ಯಾಸ್ ಕಟರಿನಿಂದ ಕತ್ತರಿಸಿ, ಜನರು ಅಡವಿಟ್ಟಿದ್ದ ಹದಿನೇಳು ಕಿಲೋಗೂ ಹೆಚ್ಚಿನ ಚಿನ್ನವನ್ನು ಕದ್ದೊಯ್ದುದನ್ನು ತಾವೆಲ್ಲರೂ ಬಲ್ಲಿರಿ. ಅದು ಧನಿಕರ ಚಿನ್ನವಾಗಿರಲಿಲ್ಲ. ಬಿತ್ತನೆಗೆಂದೋ, ಮಗಳ ಕಾಲೇಜಿಗೆಂದೋ, ಆಸ್ಪತ್ರೆಗೆಂದೋ ಕೊರಳಿನಿಂದ ಬಿಚ್ಚಿಕೊಟ್ಟ ಸರಗಳು, ಕೈಬಳೆಗಳು ಅದರಲ್ಲಿದ್ದವು. ಮರುವರ್ಷ ಪೊಲೀಸರು ದೂರದ ತಮಿಳುನಾಡಿನ ಉಸಿಲಂಪಟ್ಟಿಯ ಕಡೆಯ ಒಂದು ಬಾವಿಯಿಂದ ಆ ಚಿನ್ನವನ್ನು ಹೊರತೆಗೆದರು. ಸಾಲದ ಅರ್ಜಿ ತಿರಸ್ಕೃತವಾದ ಮೇಲೆ ಈ ಆಲೋಚನೆ ಹುಟ್ಟಿತೆಂದು ತನಿಖೆಯವರು ತಿಳಿಸಿದರು. ಆ ದಿನಗಳಲ್ಲಿ ಬಸ್ ನಿಲ್ದಾಣದಲ್ಲಿ, ಹೋಟೆಲಿನಲ್ಲಿ, ನಮ್ಮ ದೇವಾಲಯದ ಅಂಗಳದಲ್ಲಿ ಸಹ, ಎಲ್ಲರ ಬಾಯಲ್ಲೂ ಇದೇ ಮಾತು. ಎಲ್ಲರೂ ಕಳ್ಳರನ್ನು ಶಪಿಸಿದೆವು. ನಾನೂ ಶಪಿಸಿದೆ. ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಏಕೆಂದರೆ ಕಳ್ಳರು ಕಿಟಕಿಯಿಂದ ಹೊಕ್ಕರು, ನಾನು ಒಮ್ಮೆ ಮುಂಬಾಗಿಲಿನಿಂದ ಹೊಕ್ಕಿದ್ದೆ. ಅವರ ಕೈಯಲ್ಲಿ ಕಟರ್ ಇತ್ತು, ನನ್ನ ಕೈಯಲ್ಲಿ ಲೇಖನಿ ಇತ್ತು. ಆ ಕಥೆಯನ್ನು ಇಂದು ಹೇಳಲೆಂದೇ ಈ ಆಹ್ವಾನವನ್ನು ಒಪ್ಪಿಕೊಂಡೆ.

ಮೊದಲು ನನ್ನ ತಂದೆಯವರ ವಿಷಯವಾಗಿ ಒಂದು ಮಾತು. ಲಕ್ಕವಳ್ಳಿಯ ಬಳಿ ಭದ್ರೆಗೆ ಅಣೆಕಟ್ಟು ಕಟ್ಟಿ ನಾಲೆಗಳನ್ನು ತೋಡುತ್ತಿದ್ದ ಕಾಲದಲ್ಲಿ ಅವರು ಗಾರೆ ಕೆಲಸಕ್ಕೆಂದು ಈ ಸೀಮೆಗೆ ಬಂದು ತ್ಯಾವಣಿಗೆಯಲ್ಲಿ ನೆಲೆಸಿದರು. ನಾಲೆಯ ಕೆಲಸದ ಸಿಮೆಂಟು ರಾತ್ರೋರಾತ್ರಿ ಮಾಯವಾಗಿ ಊರಿನ ಕೆಲವು ಮನೆಗಳ ಜಗಲಿಯಾಗಿ ಪ್ರತ್ಯಕ್ಷವಾಗುತ್ತಿದ್ದ ದಿನಗಳವು. ನಮ್ಮದು ಮಣ್ಣಿನ ನೆಲದ ಮನೆ. ತಾಯಿಯವರು ಒಮ್ಮೆ, ಅಡಿಗೆಮನೆಯ ನೆಲಕ್ಕಾಗುವಷ್ಟು ಅರ್ಧ ಚೀಲ ತಂದರೆ ಸರ್ಕಾರವೇನು ಮುಳುಗಿಹೋಗುತ್ತದೆಯೇ ಎಂದು ಕೇಳಿದರು. ತಂದೆಯವರು, ‘ಸರ್ಕಾರ ಮುಳುಗುವುದಿಲ್ಲ, ಅಷ್ಟು ಸಿಮೆಂಟು ಕಡಿಮೆಯಾದ ಕಡೆ ನಾಲೆಯ ಏರಿ ಒಡೆಯುತ್ತದೆ’ ಎಂದರು. ನಮ್ಮ ಅಡಿಗೆಮನೆ ನಾನು ಸಂಬಳ ತರುವ ವರೆಗೂ ಸಗಣಿ ಸಾರಿಸಿದ ನೆಲವಾಗಿಯೇ ಉಳಿಯಿತು. ಅಂಥವರ ಮಗ ನಾನು. ಒಳ್ಳೆಯ ತಂದೆತಾಯಿಗಳು, ಒಳ್ಳೆಯ ಧರ್ಮೋಪದೇಶ ದೊರೆತವನು ಪ್ರಲೋಭನೆಗೆ ಬೀಳುವುದಿಲ್ಲವೆಂದು ಯಾರೂ ಭಾವಿಸಬಾರದೆಂದು ಇದನ್ನು ಹೇಳಿದೆ.

ಎಂಬತ್ತರ ದಶಕದಲ್ಲಿ ನಾನು ಈ ಸೀಮೆಯ ಒಂದು ಗ್ರಾಮೀಣ ಶಾಖೆಯಲ್ಲಿ ಸಾಲ ವಿತರಣೆಯ ಕೆಲಸದಲ್ಲಿದ್ದೆ. ಬ್ಯಾಂಕಿನ ಹೆಸರು ಬೇಡ; ತಪ್ಪು ನನ್ನದು, ಸಂಸ್ಥೆಯದಲ್ಲ. ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆಯು 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ತಾಲ್ಲೂಕುಗಳಲ್ಲಿ ಜಾರಿಗೆ ಬಂದಿತ್ತು. ಬಡವರಿಗೆ ಎಮ್ಮೆ, ಹಸು, ಕುರಿಗಳನ್ನು ಕೊಳ್ಳಲು ಸಾಲ. ಸಾಲದೊಡನೆ ಸರ್ಕಾರದ ಸಹಾಯಧನ. ಕೃಷಿ ಕೂಲಿಗಾರರಾದರೆ ಮೂರರಲ್ಲಿ ಒಂದು ಪಾಲು ಸಹಾಯಧನ. ಯೋಜನೆ ಒಳ್ಳೆಯದು. ಅದರಿಂದ ಬದುಕು ಕಟ್ಟಿಕೊಂಡವರನ್ನು ನಾನೇ ಬಲ್ಲೆ. ಆದರೆ ಬಡವನಿಗೂ ಹಣಕ್ಕೂ ನಡುವೆ ಕಾಗದಗಳಿದ್ದವು, ಕಾಗದಗಳಿದ್ದಲ್ಲಿ ದಲ್ಲಾಳಿ ಇರುತ್ತಾನೆ.

1985ರಲ್ಲಿ ಒಬ್ಬ ದಲ್ಲಾಳಿ ಒಂದೇ ಎಮ್ಮೆಯನ್ನು ಮೂರು ಮನೆಗಳ ಮುಂದೆ ಕಟ್ಟಿದನು. ಖರೀದಿಯ ದಿನ ಸ್ಥಳದಲ್ಲಿದ್ದು, ಎಮ್ಮೆಯನ್ನು ಕಣ್ಣಾರೆ ಕಂಡೆನೆಂದು ಸಹಿ ಮಾಡಬೇಕಾದವನು ನಾನು. ಎಮ್ಮೆಯನ್ನು ಕಂಡದ್ದು ಸುಳ್ಳಲ್ಲ, ಮೂರು ಬಾರಿಯೂ ಕಂಡೆ! ಅದೇ ಮುರಿದ ಕೋಡು, ಅದೇ ಬಿಳಿಯ ಹಣೆಚುಕ್ಕೆ. ಮೂರು ಕಾಗದಗಳಿಗೂ ಸಹಿ ಹಾಕಿದೆ. ಕಾಗದದಲ್ಲಿ ಎಮ್ಮೆಯ ಬೆಲೆ ಮೂರು ಸಾವಿರ. ಸಹಾಯಧನ ಒಂದು ಸಾವಿರ ಕಳೆದು ಎರಡು ಸಾವಿರ ರೂಪಾಯಿ ಸಾಲ. ಮೂವರಿಗೂ ಕೈಗೆ ನಾನೂರು ರೂಪಾಯಿ ಕೊಟ್ಟು, ‘ಇದು ಸರ್ಕಾರ ಕೊಡುವ ಹಣ, ತಿರುಗಿ ಕಟ್ಟಬೇಕಾಗಿಲ್ಲ’ ಎಂದು ದಲ್ಲಾಳಿ ಹೇಳಿದನು. ಎಮ್ಮೆ ಅವನ ಕೊಟ್ಟಿಗೆಗೆ ಮರಳಿತು. ನನ್ನ ಪಾಲಿಗೆ ಪ್ರಕರಣಕ್ಕೆ ಇನ್ನೂರರಂತೆ ಆರುನೂರು ರೂಪಾಯಿ ಬಂತು.

ನಾನು ಅದನ್ನು ಕೇಳಿರಲಿಲ್ಲ. ಪ್ರಲೋಭನೆ ಬರುವ ರೀತಿಯೇ ಹಾಗೆ. ಅದು ‘ಕದಿ’ ಎಂದು ಹೇಳುವುದಿಲ್ಲ. ‘ನೀನು ಕೇಳಲಿಲ್ಲವಲ್ಲ, ಅವರಾಗಿಯೇ ಕೊಟ್ಟರಲ್ಲ’ ಎನ್ನುತ್ತದೆ. ‘ಎಲ್ಲರೂ ಮಾಡುವುದೇ’ ಎನ್ನುತ್ತದೆ. ‘ನಿನ್ನ ಸಂಬಳಕ್ಕೆ ಇಷ್ಟು ಕೆಲಸ ಹೆಚ್ಚೇ’ ಎನ್ನುತ್ತದೆ. ಕೊನೆಯಲ್ಲಿ ಅತ್ಯಂತ ಮೃದುವಾಗಿ, ‘ಮಕ್ಕಳಿಗೋಸ್ಕರವಲ್ಲವೇ’ ಎನ್ನುತ್ತದೆ. ಮರುವರ್ಷ ನನ್ನ ಮಗಳಿಗೆ ಪ್ರಥಮ ಪರಮಪ್ರಸಾದ. ದಾವಣಗೆರೆಗೆ ಹೋಗಿ ಆ ಹಣದಿಂದ ಅವಳಿಗೆ ಬಿಳಿಯ ರೇಷ್ಮೆಯ ಉಡುಪು ಹೊಲಿಸಿದೆ. ಮಿಕ್ಕ ಹಣದಿಂದ ನೆರೆಹೊರೆಯವರಿಗೆ ಊಟ ಹಾಕಿಸಿದೆ. ಯಾವ ಉಡುಪಿನಲ್ಲಿ ನನ್ನ ಮಗು ಪ್ರಭುವನ್ನು ಮೊದಲ ಬಾರಿಗೆ ಸ್ವೀಕರಿಸಿತೋ ಆ ಉಡುಪು ಮೂರು ಬಡ ಮನೆಗಳ ಹೆಬ್ಬೆಟ್ಟಿನ ಗುರುತಿನಿಂದ ಬಂದದ್ದಾಗಿತ್ತು. 2013ರಲ್ಲಿ ಜಗದ್ಗುರು ಫ್ರಾನ್ಸಿಸರು, ಲಂಚದ ಹಣದಿಂದ ಮನೆ ನಡೆಸುವ ತಂದೆ ತನ್ನ ಮಕ್ಕಳಿಗೆ ಉಣಿಸುವುದು ಕೊಳಕಾದ ಅನ್ನವನ್ನು ಎಂಬರ್ಥದ ಪ್ರಬೋಧನೆ ಮಾಡಿದ ಸುದ್ದಿಯನ್ನು ಓದಿದಾಗ, ಪತ್ರಿಕೆಯನ್ನು ಮಡಿಸಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಒಂದೂವರೆ ವರ್ಷದ ಮೇಲೆ ವಸೂಲಿಯ ನೋಟೀಸುಗಳು ಹೊರಟವು. ಅವನ್ನು ಬರೆದವನೂ ನಾನೇ. ಮೂವರಲ್ಲಿ ಒಬ್ಬರು ನಾಲೆಯಂಚಿನ ಹಳ್ಳಿಯ ಒಬ್ಬ ವಿಧವೆ ತಾಯಿ. ಅಡಿಕೆ ಸುಲಿದು, ನಾಟಿ ಮಾಡಿ ಜೀವನ ನಡೆಸುತ್ತಿದ್ದವರು. ಆ ತಾಯಿ ಪ್ರತಿ ತಿಂಗಳೂ ಶಾಖೆಗೆ ಬಂದು ಮಡಿಲಿನಿಂದ ಚಿಲ್ಲರೆ ಬಿಚ್ಚಿ, ಇಲ್ಲದ ಎಮ್ಮೆಯ ಕಂತನ್ನು ಕಟ್ಟುತ್ತಿದ್ದರು. ಯಾವ ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ನಾನು ಉತ್ತರ ಸಿದ್ಧಪಡಿಸಿಟ್ಟುಕೊಂಡಿದ್ದೆ. ಕೇಳದೆ ಹೋದುದನ್ನು ನನ್ನಿಂದ ತಾಳಲಾಗಲಿಲ್ಲ.

1987ರ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋದೆ. ಗುರುಗಳು ಪಾಪನಿವೇದನೆಯ ಗುಟ್ಟನ್ನು ಎಂದಿಗೂ ಹೊರಗೆಡಹುವಂತಿಲ್ಲ. ನಿವೇದಿಸಿದವನಿಗೆ ಆ ನಿರ್ಬಂಧವಿಲ್ಲವಾದುದರಿಂದ ನಾನು ಹೇಳುತ್ತಿದ್ದೇನೆ. ಎಲ್ಲವನ್ನೂ ಹೇಳಿ ಕೊನೆಗೆ, ‘ಫಾದರ್, ನಾನು ಪಡೆದದ್ದು ಆರುನೂರು. ಒಂದು ಸಾವಿರ ರೂಪಾಯಿ ದೇವಾಲಯಕ್ಕೆ ಕಾಣಿಕೆ ಕೊಡುತ್ತೇನೆ’ ಎಂದೆ. ಉದಾರವಾಗಿ ಮಾತಾಡಿದೆನೆಂದೇ ನನ್ನ ಭಾವನೆ. ಆ ಹಿರಿಯ ಗುರುಗಳು ಸ್ವಲ್ಪ ಹೊತ್ತು ಮೌನವಾಗಿದ್ದು ಹೇಳಿದರು: ‘ಮಗನೇ, ನೀನು ಸಾಲಗಾರನಾಗಿರುವುದು ದೇವಾಲಯಕ್ಕಲ್ಲ. ಆ ತಾಯಿಯ ಹಣವನ್ನು ತಂದು ನನಗೆ ದಾನ ಮಾಡಬೇಡ.’ ಮತ್ತೆ ಹೇಳಿದರು: ‘ನೀನು ಎಷ್ಟು ಪಡೆದೆ ಎಂಬುದು ಲೆಕ್ಕವಲ್ಲ. ಅವರು ಎಷ್ಟು ಕಳೆದುಕೊಂಡರು ಎಂಬುದು ಲೆಕ್ಕ. ಹೋಗಿ ಅದನ್ನು ಕೂಡಿಸು.’

ಬಂಧುಗಳೇ, ನನ್ನ ಭಾಷಣದ ಸಾರವೆಲ್ಲ ಈ ಎರಡು ಮಾತುಗಳಲ್ಲಿದೆ. ಆದರೂ ಇದು ಆ ಗುರುಗಳೊಬ್ಬರ ಕಟ್ಟುನಿಟ್ಟು ಮಾತ್ರವಲ್ಲ, ಧರ್ಮಸಭೆಯ ಪುರಾತನ ಬೋಧನೆ ಎಂಬುದನ್ನು ತೋರಿಸಲು ಶ್ರೀಗ್ರಂಥದ ಕಡೆಗೆ ತಿರುಗುತ್ತೇನೆ.

ಸಂತ ಲೂಕರ ಶುಭಸಂದೇಶದಲ್ಲಿ ಬರುವ ಜಕ್ಕಾಯನ ಪ್ರಸಂಗವನ್ನು ನಮ್ಮ ಮಕ್ಕಳೂ ಬಲ್ಲರು. ಜೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ, ಕುಳ್ಳ, ಮರವೇರಿ ಕುಳಿತವನು. ಯೇಸುಸ್ವಾಮಿ ಅವನ ಮನೆಗೆ ಅತಿಥಿಯಾಗಿ ಹೋದರು. ನಾವು ಸಾಮಾನ್ಯವಾಗಿ ಮರವನ್ನೂ ಔತಣವನ್ನೂ ನೆನಪಿಟ್ಟು, ಅವನು ಎದ್ದು ನಿಂತು ಹೇಳಿದ ಲೆಕ್ಕವನ್ನು ಮರೆಯುತ್ತೇವೆ. ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆಂದನು, ಅಲ್ಲಿಗೆ ನಿಲ್ಲಿಸಲಿಲ್ಲ. ಮೋಸದಿಂದ ಕಿತ್ತುಕೊಂಡವರಿಗೆ ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ದಾನ ಬೇರೆ, ಹಿಂದಿರುಗಿಸುವಿಕೆ ಬೇರೆ ಎಂಬ ವ್ಯತ್ಯಾಸವನ್ನು ಆ ಸುಂಕದವನು ಸ್ಪಷ್ಟವಾಗಿ ಬಲ್ಲವನಾಗಿದ್ದನು. ಮೋಶೆಯ ಧರ್ಮಶಾಸ್ತ್ರದಲ್ಲಿ, ತಾನಾಗಿಯೇ ತಪ್ಪೊಪ್ಪಿಕೊಂಡವನು ಅಸಲಿಗೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಟ್ಟರೆ ಸಾಕಾಗಿತ್ತು. ನಾಲ್ಕರಷ್ಟು ತೆರಬೇಕಾದವನು ಕುರಿಯನ್ನು ಕದ್ದು ಕೊಂದ ಅಥವಾ ಮಾರಿದ ಕಳ್ಳ. ಜಕ್ಕಾಯನು ತನಗೆ ತಾನೇ ಕಳ್ಳನ ದಂಡವನ್ನು ವಿಧಿಸಿಕೊಂಡನು. ಆ ಮನೆಗೆ ರಕ್ಷಣೆ ಬಂದಿತೆಂದು ಪ್ರಭುಗಳು ಸಾರಿದ್ದು ಆ ಲೆಕ್ಕವನ್ನು ಕೇಳಿದ ಮೇಲೆ.

ಇನ್ನೊಂದು ಹಣದ ಕಥೆ ಮೂವತ್ತು ಬೆಳ್ಳಿಯ ನಾಣ್ಯಗಳದು. ಜೂದಾಸನು ಅವನ್ನು ಮಹಾದೇವಾಲಯದಲ್ಲಿ ಬಿಸಾಡಿ ಹೋದಾಗ, ಪ್ರಭುವನ್ನು ಕೊಲ್ಲಿಸಲು ಆ ಹಣ ಕೊಟ್ಟ ಯಾಜಕರೇ ಅದನ್ನು ಕಾಣಿಕೆಯ ಬೊಕ್ಕಸಕ್ಕೆ ಸೇರಿಸಲು ಹಿಂಜರಿದು, ಪರದೇಶಿಗಳ ಸ್ಮಶಾನಕ್ಕೆಂದು ಕುಂಬಾರನ ಹೊಲವನ್ನು ಕೊಂಡರು. ಅಂಥವರೂ ರಕ್ತದ ಹಣಕ್ಕೂ ಕಾಣಿಕೆಗೂ ಇರುವ ಅಂತರವನ್ನು ಅರಿತಿದ್ದರು. ನಾವು ಅರಿಯದೆ ಹೋಗಬಹುದೇ? ಪೀಠದ ಬಳಿಗೆ ಕಾಣಿಕೆ ತಂದವನು ತನ್ನ ಸಹೋದರನಿಗೆ ನನ್ನ ಮೇಲೆ ದೂರುಂಟೆಂದು ನೆನೆದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗಬೇಕೆಂದು ಪ್ರಭುಗಳು ಬೆಟ್ಟದ ಮೇಲೆ ಬೋಧಿಸಿದರು. ಮೊದಲು ಋಣ, ಆಮೇಲೆ ಕಾಣಿಕೆ.

ಧರ್ಮಸಭೆಯ ಮಹಾಪಂಡಿತರಾದ ಸಂತ ಅಗಸ್ಟೀನರು ಮ್ಯಾಸೆಡೋನಿಯಸ್ ಎಂಬ ಅಧಿಕಾರಿಗೆ ಬರೆದ ಪತ್ರದಲ್ಲಿ, ಹಿಂದಿರುಗಿಸಲು ಸಾಧ್ಯವಿದ್ದೂ ಹಿಂದಿರುಗಿಸದವನ ಪಶ್ಚಾತ್ತಾಪ ಬರಿಯ ನಟನೆಯೆಂಬ ಅರ್ಥದಲ್ಲಿ ಹೇಳಿದ್ದಾರೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಏಳನೆಯ ಆಜ್ಞೆಯ ಭಾಗದಲ್ಲಿ ಇದನ್ನೇ ಬೋಧಿಸುತ್ತದೆ. ಕದ್ದವನು ಮಾತ್ರವಲ್ಲ, ಕಳವಿಗೆ ನೆರವಾದವನೂ, ಅದರಿಂದ ತಿಳಿದೂ ಲಾಭ ಪಡೆದವನೂ ತಮ್ಮ ತಮ್ಮ ಹೊಣೆಗೆ ತಕ್ಕಂತೆ ಹಿಂದಿರುಗಿಸಲು ಬದ್ಧರು. ಕ್ಷಮೆ ದೇವರ ಉಚಿತ ವರ. ಆದರೆ ದೇವರ ಕ್ಷಮೆಯನ್ನು ಪಡೆದವನು ಬಡವನ ಹಣವನ್ನು ಜೇಬಿನಲ್ಲಿಟ್ಟುಕೊಂಡೇ ಮನೆಗೆ ಹೋಗುವಂತಿಲ್ಲ.

ಇದು ನಮ್ಮ ನೆಲಕ್ಕೆ ಅಪರಿಚಿತವಾದ ಬೋಧನೆಯೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ ಎಂಬವರಿದ್ದರು. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅವರ ಪತ್ನಿ ಲಕ್ಕಮ್ಮನವರು ಇದು ಆಸೆಯ ಫಲವೆಂದು ಹೇಳಿ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದರೆಂದು ಕಥೆ. ಅದು ಕದ್ದ ಅಕ್ಕಿಯಲ್ಲ. ಆದರೂ ಆ ಮಹಾತಾಯಿ ಒಲೆಯ ಮೇಲೆ ಅದನ್ನು ಬೇಯಿಸಲು ಒಪ್ಪಲಿಲ್ಲ. ಪ್ರಾಮಾಣಿಕತೆ ಕಚೇರಿಯಲ್ಲಿ ಹುಟ್ಟುವುದಲ್ಲ, ಅಡಿಗೆಮನೆಯಲ್ಲಿ ಹುಟ್ಟುವುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನನ್ನ ಮನೆಯಲ್ಲೂ ಹಾಗೆಯೇ ಆಯಿತು. ಪಾಪನಿವೇದನೆಯಿಂದ ಬಂದ ರಾತ್ರಿ ಪತ್ನಿಯವರಿಗೆ ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ‘ಆ ಬಟ್ಟೆ ಹಾಕಿಸುವ ಮೊದಲು ಹೇಳಬೇಕಾಗಿತ್ತು’ ಎಂದಷ್ಟೇ ಅಂದರು. ಬೆಳಿಗ್ಗೆ ಎದ್ದಾಗ ಅವರ ತವರಿನವರು ಹಾಕಿದ್ದ ಎರಡೆಳೆ ಸರ ಮೇಜಿನ ಮೇಲಿತ್ತು. ಅದನ್ನು ಮಾರಿ, ಭವಿಷ್ಯನಿಧಿಯಿಂದ ಸಾಲ ಪಡೆದು, ಮೂರು ಸಾಲಗಳನ್ನೂ ಬಡ್ಡಿಸಮೇತ ತೀರಿಸಿದೆ. ನಡೆದುದನ್ನು ಮೇಲಧಿಕಾರಿಗಳಿಗೆ ಬರೆದುಕೊಟ್ಟೆ. ವಿಚಾರಣೆ ನಡೆಯಿತು. ವಾರ್ಷಿಕ ವೇತನ ಬಡ್ತಿಗಳು ನಿಂತವು. ನೌಕರಿ ಉಳಿದದ್ದು ನನ್ನ ಯೋಗ್ಯತೆಯಿಂದಲ್ಲ, ಅವರ ಕರುಣೆಯಿಂದ. ಸಹೋದ್ಯೋಗಿಗಳು ಕೆಲವರು ಬಹಳ ದಿನ ನನ್ನೊಡನೆ ಮಾತು ಬಿಟ್ಟರು. ತಾನೊಬ್ಬ ಸಂತನಾಗಲು ಹೊರಟು ಎಲ್ಲರ ಮೇಲೂ ಸಂಶಯ ಬರುವಂತೆ ಮಾಡಿದನೆಂದು ಅವರ ಕೋಪ. ಆ ಕೋಪದಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ನಾನು ಸಂತನಾಗಿರಲಿಲ್ಲ, ತಡವಾಗಿ ಎಚ್ಚೆತ್ತ ಕಳ್ಳನಾಗಿದ್ದೆ.

ಆ ತಾಯಿ ಕಟ್ಟಿದ್ದ ಕಂತುಗಳನ್ನು ಕೂಡಿಸಿ, ಹಣವನ್ನು ತೆಗೆದುಕೊಂಡು ಅವರ ಹಳ್ಳಿಗೆ ಹೋದೆ. ಅವರು ಯಾರದೋ ಕಣದಲ್ಲಿ ಅಡಿಕೆ ಸುಲಿಯುತ್ತಿದ್ದರು. ಪಕ್ಕಕ್ಕೆ ಕರೆದು ವಿಷಯ ತಿಳಿಸಿ ಹಣವನ್ನು ಮುಂದೆ ಹಿಡಿದೆ. ಅವರು ಕಪ್ಪಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದ್ದು ಒಂದೇ ಮಾತು: ‘ಇದಕ್ಕೂ ಹೆಬ್ಬೆಟ್ಟು ಒತ್ತಬೇಕೇನ್ರಿ ಸಾಹೇಬ್ರೆ?’

ಮೂವತ್ತೇಳು ವರ್ಷಗಳ ಸೇವೆಯಲ್ಲಿ ನನಗೆ ಎಷ್ಟೋ ಮಂದಿ ಬೈದಿದ್ದಾರೆ. ಯಾವ ಬೈಗುಳವೂ ಆ ಪ್ರಶ್ನೆಯಷ್ಟು ಆಳಕ್ಕೆ ಇಳಿಯಲಿಲ್ಲ. ಬಡವರು ನಮ್ಮನ್ನು ನಂಬಿ ಹೆಬ್ಬೆಟ್ಟು ಒತ್ತುತ್ತಾರೆ. ಮೋಸಹೋದ ಮೇಲೆ ನಾವು ಹಿಂದಿರುಗಿಸಲು ಬಂದರೂ ಅದರಲ್ಲಿ ಇನ್ನೇನು ಮೋಸವಿದೆಯೋ ಎಂದು ಹೆದರುತ್ತಾರೆ. ನಾವು ಕದಿಯುವುದು ಹಣವನ್ನಷ್ಟೇ ಅಲ್ಲ.

ಮತ್ತೊಂದು ಸಂಗತಿಯೂ ಅಂದೇ ತಿಳಿಯಿತು. ಕಂತು ಕಟ್ಟಲೆಂದು ಅವರ ಮಗ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಬೇರೆಯವರ ದನ ಮೇಯಿಸಲು ಹೋಗುತ್ತಿದ್ದ. ಹಣ ಮರಳಿತು. ಹುಡುಗ ಶಾಲೆಗೆ ಮರಳಲಿಲ್ಲ. ಆ ವರ್ಷಗಳನ್ನು ನಾನು ಯಾವ ರಸೀದಿ ಬರೆದು ಹಿಂದಿರುಗಿಸಲಿ? ಉಳಿದಿಬ್ಬರಲ್ಲಿ ಒಬ್ಬರಿಗೆ ಹಣ ತಲಪಿಸಿದೆ. ಇನ್ನೊಬ್ಬರು ಊರು ಬಿಟ್ಟು ಹೋಗಿದ್ದರು, ಎಷ್ಟು ವಿಚಾರಿಸಿದರೂ ಸಿಗಲಿಲ್ಲ. ಗುರುಗಳ 
ಸಲಹೆಯಂತೆ ಅವರು ಕಟ್ಟಿದ್ದ ಹಣವನ್ನು ಅವರ ಹೆಸರಿನಲ್ಲಿ ಬಡವರಿಗೆ ಕೊಟ್ಟೆ. ಆದರೂ ನನ್ನ ಮನಸ್ಸಿನ ಲೆಕ್ಕಪುಸ್ತಕದಲ್ಲಿ ಆ ಪುಟ ಇಂದಿಗೂ ಮುಗಿದಿಲ್ಲ. ಹಿಂದಿರುಗಿಸಬಹುದಾದುದನ್ನು ಬೇಗನೆ ಹಿಂದಿರುಗಿಸಿರಿ. ತಡಮಾಡಿದಷ್ಟೂ ಹಿಂದಿರುಗಿಸಲಾಗದ ಭಾಗ ಬೆಳೆಯುತ್ತದೆ. ಅನುಭವದಿಂದ ನಾನು ಕಲಿತ ಪಾಠವಿದು.

ಇನ್ನು ಇಂದಿನ ನಮ್ಮ ಬದುಕಿಗೆ ಬರೋಣ. ನಮ್ಮ ಸೀಮೆ ಇಂದು ಬಡ ಸೀಮೆಯಲ್ಲ. ಭದ್ರೆಯ ನೀರು ಬಂತು, ಭತ್ತ ಬಂತು, ಅಡಿಕೆ ಬಂತು. ಸಂಪತ್ತಿನೊಡನೆ ಪ್ರಲೋಭನೆಯ ರೂಪವೂ ಬದಲಾಯಿತು. ಅಡಿಕೆ ತೋಟ ಚೇಣಿಗೆ ಹಿಡಿಯುವವರೇ, ಸುಲಿಯುವ ಹೆಣ್ಣುಮಕ್ಕಳ ಕೂಲಿಯನ್ನು ಅಳೆಯುವ ಡಬ್ಬ ಎಷ್ಟು ಹಿಡಿಯುತ್ತದೆಂದು ಎಂದಾದರೂ ಅಳೆದು ನೋಡಿದ್ದೀರಾ? ಸಬ್ಬತ್ ದಿನ ಯಾವಾಗ ಮುಗಿದೀತು, ಅಳತೆ ಕಿರಿದುಮಾಡಿ ಧಾನ್ಯ ಮಾರೋಣ ಎಂದು ಕಾಯುತ್ತಿದ್ದ ವರ್ತಕರನ್ನು ಪ್ರವಾದಿ ಆಮೋಸರು ಖಂಡಿಸಿದರು. ಭಾನುವಾರದ ಬಲಿಪೂಜೆ ಮುಗಿಸಿ ಸೋಮವಾರ ಆ ಡಬ್ಬವನ್ನು ಹಿಡಿಯುವ ಕೈ ನಮ್ಮದಾಗಿರಬಾರದು. ನಾಲೆಗೆ ಅಕ್ರಮವಾಗಿ ಪಂಪ್‌ಸೆಟ್ ಇಟ್ಟು ನೀರೆತ್ತುವವರೇ, ಕೊನೆಭಾಗದ ರೈತನ ಭತ್ತ ಕಾಳು ಕಟ್ಟುವ ಹೊತ್ತಿಗೆ ಒಣಗಿದರೆ ಅದು ಯಾರ ಲೆಕ್ಕಕ್ಕೆ? ನೀರಿಗೆ ಹೆಸರು ಬರೆದಿರುವುದಿಲ್ಲ, ನಿಜ. ಆದರೆ ಸರದಿ ಬರೆದಿರುತ್ತದೆ. ಸ್ವಸಹಾಯ ಸಂಘಗಳ ಪುಸ್ತಕ ಬರೆಯುವ ಸಹೋದರಿಯರೇ, ಸಂಘದ ಹಣವನ್ನು ಎರಡು ದಿನಕ್ಕೆಂದು ಮನೆಯ ಖರ್ಚಿಗೆ ಬಳಸುವಾಗ ಆ ಎರಡು ದಿನ ಎಷ್ಟು ಬೇಗ ಎರಡು ತಿಂಗಳಾಗುತ್ತದೆಂಬುದನ್ನು ಬ್ಯಾಂಕಿನವನಾದ ನಾನು ಕಂಡಿದ್ದೇನೆ. ಯುವಕರೇ, ಮೊಬೈಲಿನ ಜೂಜಿನಲ್ಲಿ ತಂದೆಯ ಬೆಳೆಸಾಲವನ್ನು ಕಳೆದವರು ನಮ್ಮ ನಡುವೆಯೇ ಇದ್ದಾರೆ. 2025ರಲ್ಲಿ ಹಣ ಪಣವಿಡುವ ಆಟಗಳನ್ನು ನಿಷೇಧಿಸುವ ಕಾನೂನು ಬಂದಿತು. ಆದರೆ ಸುಲಭದ ಹಣದ ಆಸೆಯನ್ನು ಯಾವ ಕಾನೂನೂ ನಿಷೇಧಿಸಲಾರದು.

ಲಂಚ ಕೊಡದೆ ಕೆಲಸವಾಗುವುದಿಲ್ಲ, ಕೊಡುವವನದೇನು ತಪ್ಪು ಎಂದು ಕೇಳುವವರುಂಟು. ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ಆದ ತಿದ್ದುಪಡಿಯಂತೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೊಳಗಾಗಿ ಕೊಟ್ಟವನು ಏಳು ದಿನಗಳೊಳಗೆ ದೂರು ಕೊಟ್ಟರೆ ರಕ್ಷಣೆಯುಂಟು. ಬಡವನು ತನ್ನ ಹಕ್ಕಿನ ಪಿಂಚಣಿಗಾಗಿ ಕಣ್ಣೀರಿಡುತ್ತ ಕೊಡುವುದೂ, ಉಳ್ಳವನು ಬೇರೆಯವರ ಸರದಿಯನ್ನು ಕದಿಯಲು ನಗುನಗುತ್ತ ಕೊಡುವುದೂ ದೇವರ ತಕ್ಕಡಿಯಲ್ಲಿ ಒಂದೇ ಅಲ್ಲವೆಂದು ನನ್ನ ನಂಬಿಕೆ. ಆದರೆ ನಮ್ಮಲ್ಲಿ ಹೆಚ್ಚಿನವರು ಯಾವ ಸಾಲಿನಲ್ಲಿ ನಿಂತಿದ್ದೇವೆಂದು ನಾವೇ ಕೇಳಿಕೊಳ್ಳಬೇಕು.

ಇದೆಲ್ಲ ಸಂಸಾರಸ್ಥರಿಗೆ ಅಸಾಧ್ಯ, ಸನ್ಯಾಸಿಗಳಿಗೆ ಮಾತ್ರ ಎನ್ನಬೇಡಿರಿ. ಸ್ನಾನಿಕ ಯೊವಾನ್ನರು ತಮ್ಮ ಬಳಿಗೆ ಬಂದ ಸುಂಕದವರಿಗೆ ಕೆಲಸ ಬಿಡಿರೆಂದು ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿರೆಂದರು. ಇಟಲಿಯ ಕ್ರೆಮೋನ ಪಟ್ಟಣದಲ್ಲಿ ಹೊಮೊಬೋನೊ ಎಂಬ ಬಟ್ಟೆ ವ್ಯಾಪಾರಿ ಇದ್ದರು. ವಿವಾಹಿತರು, ಅಂಗಡಿ ನಡೆಸಿದವರು. 1197ರಲ್ಲಿ ತೀರಿಕೊಂಡ ಅವರನ್ನು ಎರಡು ವರ್ಷಗಳೊಳಗೇ, 1199ರಲ್ಲಿ, ಜಗದ್ಗುರು ಮೂರನೆಯ ಇನ್ನೊಸೆಂಟರು ಸಂತರೆಂದು ಘೋಷಿಸಿದರು. ಅಳತೆಗೋಲು ಹಿಡಿದ ಕೈಯೂ ಪೀಠದ ಮೇಲೆ ಪೂಜ್ಯವಾಗಬಲ್ಲದು.

ಕೊನೆಯದಾಗಿ, ನಮ್ಮ ಮನೆಯ ಮಾತು. ಶತಮಾನೋತ್ಸವಕ್ಕೆಂದು ನಿಧಿ ಸಂಗ್ರಹವಾಗುತ್ತಿದೆ. ಗೋಪುರಕ್ಕೆ ಬಣ್ಣ, ಹೊಸ ಗಂಟೆ, ದಾನಿಗಳ ಹೆಸರಿನ ಶಿಲಾಫಲಕ, ಎಲ್ಲವೂ ಆಗಲಿ. ಆದರೆ ಹಿರಿಯರಲ್ಲಿ ನನ್ನ ಎರಡು ವಿನಂತಿಗಳಿವೆ. ಮೊದಲನೆಯದು, ಲೆಕ್ಕ. 1983ರ ಧರ್ಮಸಭೆಯ ಕಾನೂನು ಸಂಹಿತೆ ಪ್ರತಿ ಧರ್ಮಕೇಂದ್ರಕ್ಕೂ ಒಂದು ಹಣಕಾಸು ಸಮಿತಿ ಇರಲೇಬೇಕೆಂದು ವಿಧಿಸಿದೆ. ವಿಶ್ವಾಸಿಗಳು ಕೊಟ್ಟ ಕಾಣಿಕೆಗಳ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕೆಂದೂ ಹೇಳಿದೆ. ಈ ಉತ್ಸವದ ಜಮಾ ಖರ್ಚನ್ನು ಬಾಗಿಲಿನ ಬಳಿ ಎಲ್ಲರೂ ಓದುವಂತೆ ಹಚ್ಚೋಣ. ಅದು ಯಾರ ಮೇಲಿನ ಸಂಶಯವೂ ಅಲ್ಲ, ಎಲ್ಲರಿಗೂ ರಕ್ಷಣೆ. ಲೆಕ್ಕ ಕೇಳುವವರಿಲ್ಲದ ಕಡೆ ಒಳ್ಳೆಯವನೂ ಜಾರುತ್ತಾನೆ.

ಎರಡನೆಯದು, ನಮ್ಮೆಲ್ಲರಿಗೂ. ನಿಧಿಗೆ ಕಾಣಿಕೆ ಬರೆಸುವ ಮೊದಲು ಪ್ರತಿಯೊಂದು ಮನೆಯವರೂ ಒಂದು ರಾತ್ರಿ ದೀಪದ ಮುಂದೆ ಕುಳಿತು, ಯಾರ ಹಣವಾದರೂ ನಮ್ಮ ಬಳಿ ಉಳಿದಿದೆಯೇ ಎಂದು ಯೋಚಿಸೋಣ. ಕೂಲಿಯ ಬಾಕಿ ಇರಬಹುದು. ತಮ್ಮನ ಪಾಲಿನ ಅರ್ಧ ಗುಂಟೆ ಇರಬಹುದು. ತೀರಿಕೊಂಡವರು ನಂಬಿ ಕೊಟ್ಟಿಟ್ಟ ಒಂದು ಉಂಗುರ ಇರಬಹುದು. ಅದನ್ನು ಮೊದಲು ಹಿಂದಿರುಗಿಸೋಣ. ಆಮೇಲೆ ಕೈಯಲ್ಲಿ ಉಳಿದದ್ದು ಬಡ ವಿಧವೆಯ ಎರಡು ಕಾಸಿನಷ್ಟೇ ಆಗಿದ್ದರೂ ಚಿಂತೆಯಿಲ್ಲ, ಪ್ರಭುಗಳು ಆ ಕಾಸನ್ನು ಗುರುತಿಸಬಲ್ಲರು. ಶಿಲಾಫಲಕದಲ್ಲಿ ನಮ್ಮ ಹೆಸರು ಇಲ್ಲದಿದ್ದರೂ ಸರಿಯೇ, ಯಾರದೋ ಬಾಕಿಯ ಪುಸ್ತಕದಲ್ಲಿ ನಮ್ಮ ಹೆಸರು ಉಳಿಯಬಾರದು.

ಆ ಬಿಳಿಯ ಉಡುಪು ನಮ್ಮ ಮನೆಯ ಟ್ರಂಕಿನಲ್ಲಿ ಇಂದಿಗೂ ಇದೆ. ಮಗಳು ಬೆಳೆದು, ಅವಳ ಮಗಳಿಗೂ ಪ್ರಥಮ ಪರಮಪ್ರಸಾದವಾಯಿತು. ತಾಯಿಯ ಉಡುಪನ್ನೇ ಮೊಮ್ಮಗಳಿಗೆ ತೊಡಿಸೋಣವೆಂದು ಯಾರೋ ಅಂದಾಗ, ನನ್ನ ಪತ್ನಿಯವರು ಒಪ್ಪಲಿಲ್ಲ. ಸಂತೆಯಲ್ಲಿ ಕೊಂಡ ಹತ್ತಿಯ ಬಿಳಿಯ ಬಟ್ಟೆಯಲ್ಲಿ ತಾವೇ ಹೊಲಿದುಕೊಟ್ಟರು. ಮಗು ಅದನ್ನು ತೊಟ್ಟು ಈ ಪೀಠದ ಬಳಿಗೆ ನಡೆದುಹೋದಾಗ, ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾನು ತಲೆಯೆತ್ತಿ ನೋಡಿದೆ. 1986ರಲ್ಲಿ ಹಾಗೆ ನೋಡಲು ನನ್ನಿಂದ ಆಗಿರಲಿಲ್ಲ.

ಕರುಣಾಮಯನಾದ ದೇವರು ಈ ದೇವಾಲಯವನ್ನೂ ಇದರ ಮಕ್ಕಳನ್ನೂ ಮುಂದಿನ ನೂರು ವರ್ಷಗಳಿಗೂ ಹರಸಲಿ. ನಮ್ಮ ಕೈಗಳನ್ನು ಶುದ್ಧವಾಗಿಡಲಿ. ಬಿದ್ದವರಿಗೆ ಎದ್ದು ಹಿಂದಿರುಗಿಸುವ ಧೈರ್ಯವನ್ನು ಕೊಡಲಿ. ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ.